ಶೆಟ್ಟರ ಒಡೆಯದ ಪೆಟ್ಟಿಗೆ

ಬಿಕರ್ನಕಟ್ಟೆಯ ಚಿತ್ತರಂಜನ ಶೆಟ್ಟರು ನಾಲ್ಕು ವರ್ಷದಿಂದ ಮಸ್ಕತ್ತಿಗೆ ಹೋಗದೆ ಉಳಿದದ್ದಕ್ಕೆ ಕಾರಣ ಆರೋಗ್ಯವಲ್ಲ, ವೀಸಾ ಅಲ್ಲ, ವಿಮಾನದ ಹೆದರಿಕೆ ಮೊದಲೇ ಅಲ್ಲ. ಹೆದರಿಕೆ ಇಲ್ಲವೆಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು, ನಾವು ನಂಬಲೇಬೇಕು. ಕಾರಣ ಇಷ್ಟೇ: ಬಾಳಿಕೆ ಬರುವ ಒಂದು ಪೆಟ್ಟಿಗೆ ಸಿಗಲಿಲ್ಲ. ಮದುವೆಯಾಗಿ ಮಸ್ಕತ್ತಿನಲ್ಲಿರುವ ಮಗಳು ಸಂಚಿತಾ ಅಪ್ಪ ಅಮ್ಮನಿಗೆಂದು ಮೂರು ಸಲ ಟಿಕೆಟ್ ತೆಗೆದಳು. ಮೂರು ಸಲವೂ ಶೆಟ್ಟರು ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಇರುವ ಮಾಲೆಲ್ಲ ಕಳಪೆ, ಇಂಥದ್ದನ್ನು ವಿಮಾನಕ್ಕೆ ಹಾಕಿದರೆ ಆಚೆ ಕಡೆ ಕೈಗೆ ಬರುವುದು ಬರೀ ಹಿಡಿಕೆ ಎಂದು ತೀರ್ಪು ಕೊಟ್ಟು ಪ್ರಯಾಣ ಮುಂದೂಡಿದರು.

ಶೆಟ್ಟರು ಮೂವತ್ತೊಂದು ವರ್ಷ ಪಣಂಬೂರಿನ ಕಡೆಯ ಒಂದು ಗೋದಾಮಿನಲ್ಲಿ ಲಾರಿ ತೂಗುವ ಗುಮಾಸ್ತರಾಗಿದ್ದವರು. ಜಗತ್ತಿನಲ್ಲಿ ತೂಕದ ಕಾಟಾ ಮಾತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ನಿವೃತ್ತಿಯಾದ ಮೇಲೆ ತೂಗಲು ಲಾರಿ ಇಲ್ಲದ್ದರಿಂದ ಕೊಕ್ಕೆಗೆ ಸಿಕ್ಕಿಸಿ ತೂಗುವ ಸಣ್ಣ ಕೈಕಾಟಾ ಒಂದನ್ನು ತರಿಸಿಕೊಂಡು, ಮನೆಗೆ ಬಂದ ಮೀನು, ತೆಂಗಿನಕಾಯಿ, ಒಮ್ಮೆ ನೆರೆಮನೆಯ ಮಗುವನ್ನೂ ತೂಗಿದ್ದುಂಟು.

ನಾಲ್ಕನೆಯ ಸಲದ ಟಿಕೆಟ್ ಬಂದಾಗ ವಿಷಯ ಬೇರೆಯಿತ್ತು. ಸಂಚಿತಾಳಿಗೆ ಎಂಟು ತಿಂಗಳು ತುಂಬಿತ್ತು. ಡಾಕ್ಟರು ಮಂಚ ಬಿಟ್ಟು ಇಳಿಯಬಾರದು ಎಂದಿದ್ದರು. ಗಂಡ ಕೌಶಲನಿಗೆ ಹಗಲು ರಾತ್ರಿ ಪಾಳಿ. ಫೋನಿನಲ್ಲಿ ಮಗಳು ಅತ್ತದ್ದನ್ನು ಕೇಳಿದ ಗುಣವತಿ ಫೋನು ಕೆಳಗಿಟ್ಟು ಗಂಡನ ಎದುರು ಬಂದು ನಿಂತಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಆಕೆ ಹಾಗೆ ನಿಂತದ್ದು ಅದೇ ಮೊದಲು.

"ಗುರುವಾರ ನಾನು ಹೋಗ್ತೇನೆ. ಪೆಟ್ಟಿಗೆ ಸಿಕ್ಕಿದ್ರೆ ಪೆಟ್ಟಿಗೆಯಲ್ಲಿ, ಇಲ್ಲದಿದ್ರೆ ಗೋಣಿಯಲ್ಲಿ ಕಟ್ಟಿಕೊಂಡು. ನೀವು ಬರುದು ಬಿಡುದು ನಿಮಗೆ ಸೇರಿದ್ದು."

ಗೋಣಿ ಎಂಬ ಮಾತು ಶೆಟ್ಟರಿಗೆ ನಾಟಿತು. ಭಾನುವಾರ ಬೆಳಿಗ್ಗೆಯೇ ಅವರು ಅಳತೆಪಟ್ಟಿ, ಕೈಕಾಟಾ, ಒಂದು ಅಯಸ್ಕಾಂತ ಹಿಡಿದುಕೊಂಡು ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಬಂದರು. ಅಲ್ಲಿ ಇದಿನಬ್ಬನವರ ಬ್ಯಾಗಿನ ಅಂಗಡಿ. ಈ ಊರಿನಿಂದ ಕೊಲ್ಲಿಗೆ ಹೋದವರ ಪೈಕಿ ಅರ್ಧ ಜನ ಆ ಅಂಗಡಿಯ ಪೆಟ್ಟಿಗೆ ಹಿಡಿದುಕೊಂಡೇ ಹೋದವರು. ಶೆಟ್ಟರು ಬಟ್ಟೆಯ ಬ್ಯಾಗುಗಳನ್ನು ಕಣ್ಣೆತ್ತಿ ನೋಡಲಿಲ್ಲ. ಜಿಪ್ಪಿನವು ಬೇಡ, ಜಿಪ್ಪನ್ನು ಪೆನ್ನಿನ ಮೊನೆಯಿಂದ ಬಿಡಿಸಬಹುದೆಂದು ಮೊಬೈಲಿನಲ್ಲಿ ನೋಡಿದ್ದೇನೆ ಎಂದರು. ಎರಡು ಚಕ್ರದ್ದು ಎಳೆದರೆ ಭುಜ ನೋಯುತ್ತದೆ ಎಂದರು. ಒಳಗಿನ ಹೊಲಿಗೆ ಎಣಿಸಿದರು, ಹಿಡಿಕೆಯನ್ನು ಐವತ್ತು ಸಲ ಎಳೆದು ಬಿಟ್ಟರು. ಮೂರು ಗಂಟೆ ಸಹಿಸಿದ ಇದಿನಬ್ಬನವರು ಕೊನೆಗೆ ಒಳಗಿನ ಕೋಣೆಯಿಂದ ಕಪ್ಪು ಬಣ್ಣದ ಗಟ್ಟಿ ಪೆಟ್ಟಿಗೆಯೊಂದನ್ನು ತಂದು ನೆಲಕ್ಕೆ ಮಲಗಿಸಿ, ತಮ್ಮ ತೊಂಬತ್ತೈದು ಕಿಲೋ ದೇಹದೊಂದಿಗೆ ಅದರ ಮೇಲೆ ಹತ್ತಿ ನಿಂತರು. ಜಿಪ್ಪಿಲ್ಲ, ಸುತ್ತ ಲೋಹದ ಚೌಕಟ್ಟು, ಎರಡು ಚಿಲಕ, ಮೂರಂಕಿಯ ಬೀಗ, ಸದ್ದೇ ಮಾಡದ ನಾಲ್ಕು ಚಕ್ರ.

"ಇದು ಒಡೆಯುದಿಲ್ಲ ಶೆಟ್ರೆ. ಮೇಲಿನಿಂದ ಹಾಕಿದ್ರೂ ಒಡೆಯುದಿಲ್ಲ, ಒಳಗಿನಿಂದ ದೂಡಿದ್ರೂ ಒಡೆಯುದಿಲ್ಲ," ಎಂದರು ಅವರು, ಮೇಲಿನಿಂದಲೇ.

ಒಳಗಿನಿಂದ ದೂಡುವವರು ಯಾರು ಎಂದು ಶೆಟ್ಟರು ಕೇಳಬೇಕಿತ್ತು. ಕೇಳಲಿಲ್ಲ. ಪೆಟ್ಟಿಗೆಯನ್ನು ಮನೆಗೆ ತಂದರು.

ಬೇರೆ ಯಾರಾದರೂ ಆಗಿದ್ದರೆ ಬಟ್ಟೆ ತುಂಬಿಸಲು ಕೂತಿರುತ್ತಿದ್ದರು. ಶೆಟ್ಟರಿಗೆ ಪರೀಕ್ಷೆಯಾಗದ ವಸ್ತುವಿನಲ್ಲಿ ನಂಬಿಕೆಯಿಲ್ಲ. ವಿಮಾನದವರು ತಲೆಗೆ ಇಪ್ಪತ್ತು ಕಿಲೋ ಎಂದಿದ್ದಾರೆ, ಹಾಗಾದರೆ ಇಪ್ಪತ್ತು ಕಿಲೋ ತುಂಬಿಸಿ ಜಗಲಿಯಿಂದ ಅಂಗಳಕ್ಕೆ ಮೂರು ಸಲ ಬೀಳಿಸಿ ನೋಡಬೇಕು. ಬಟ್ಟೆ ಮೆತ್ತಗಿನದು, ಅದರಿಂದ ಏನೂ ಗೊತ್ತಾಗುವುದಿಲ್ಲ. ಗಟ್ಟಿಯಾದದ್ದು ಬೇಕು. ಪ್ರಯಾಣದ ಪೂರ್ತಿ ಪರಿಸ್ಥಿತಿ ಇರಲಿ ಎಂದು ಇಬ್ಬರ ಪಾಸ್‌ಪೋರ್ಟುಗಳನ್ನೂ ಪೆಟ್ಟಿಗೆಯ ಒಳಜೇಬಿಗೆ ಹಾಕಿದರು. ಹೀಗೆ ಯೋಚಿಸುವ ಬುದ್ಧಿವಂತರು ನಮ್ಮಲ್ಲಿ ಹೆಚ್ಚಿಲ್ಲ, ಅದು ನಮ್ಮ ಪುಣ್ಯ.

ಮನೆಯ ಹಿಂದೆ ಪಾಗಾರದ ಗೋಡೆಯಾಚೆ ಖಾಲಿ ಜಾಗವೊಂದಿದೆ. ಫ್ಲ್ಯಾಟು ಕಟ್ಟುತ್ತೇವೆಂದು ಬಂದವರು ಅಲ್ಲಿಯ ದೊಡ್ಡ ಮರವನ್ನು ಕಡಿಸಿ, ಯಾಕೋ ಏನೋ, ಮರುದಿನದಿಂದ ಬರಲೇ ಇಲ್ಲ. ಎರಡು ವರ್ಷದಿಂದ ಅಲ್ಲಿ ಪೊದೆ ಬೆಳೆದಿದೆ. ಕಲ್ಲು ಹೊರುವುದನ್ನು ಯಾರಾದರೂ ನೋಡಿದರೆ ನಾಚಿಕೆಯೆಂದು ಶೆಟ್ಟರು ಜನ ಊಟಕ್ಕೆ ಕೂರುವ ಹೊತ್ತು ನೋಡಿ, ಸೋಮವಾರ ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಹೋದರು. ಬಿಸಿಲಿನಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಕಡಿದ ಮರದ ಬುಡದಲ್ಲಿ ನುಣ್ಣಗಿನ ಕಪ್ಪು ಕಲ್ಲೊಂದು ನೆಟ್ಟಗೆ ನಿಂತಿತ್ತು. ಅವರು ಅದನ್ನು ಕಿತ್ತು, ಹೆಗಲ ಮೇಲಿನ ಬೈರಾಸಿನಲ್ಲಿ ಕಟ್ಟಿ ಕೈಕಾಟಾಕ್ಕೆ ಸಿಕ್ಕಿಸಿ ಎತ್ತಿದರು. ಇಪ್ಪತ್ತು ಕಿಲೋ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿಯಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಲಾರಿಯೂ ಅವರಿಗೆ ಇಂಥ ಪೂರ್ತಿ ಅಂಕಿ ತೋರಿಸಿರಲಿಲ್ಲ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಬೀಗದ ಸಂಖ್ಯೆಯನ್ನೂ ಅದಕ್ಕೇ ಹೊಂದಿಸಿ ಸೊನ್ನೆ, ಎರಡು, ಸೊನ್ನೆ ಎಂದಿಟ್ಟರು.

ಮೂರು ಸಲ ಬೀಳಿಸಿದರು. ಪೆಟ್ಟಿಗೆಗೆ ಒಂದು ಗೀರೂ ಆಗಲಿಲ್ಲ, ಅಂಗಳಕ್ಕೆ ಹಾಸಿದ ಎರಡು ಹೆಂಚು ಒಡೆದವು. ಹೆಮ್ಮೆಯಿಂದ ಹೆಂಡತಿಯನ್ನು ಕರೆದು, ಸೊನ್ನೆ ಎರಡು ಸೊನ್ನೆ ತಿರುಗಿಸಿ ಚಿಲಕ ಒತ್ತಿದರು. ತೆರೆಯಲಿಲ್ಲ. ಮತ್ತೆ ಒತ್ತಿದರು. ಸಂಖ್ಯೆ ಸರಿಯಿತ್ತು, ಚಿಲಕ ಸರಿಯಿತ್ತು, ಪೆಟ್ಟಿಗೆ ಮಾತ್ರ ಬಾಯಿ ಬಿಡಲಿಲ್ಲ.

"ಅದರೊಳಗೆ ಎಂತ ಹಾಕಿದ್ದೀರಿ?" ಎಂದು ಗುಣವತಿ ಕೇಳಿದಳು.

"ಎಂತ ಇಲ್ಲ. ನಮ್ಮ ಪಾಸ್‌ಪೋರ್ಟ್. ಮತ್ತೆ ಒಂದು ಕಲ್ಲು."

"ಎಲ್ಲಿಯ ಕಲ್ಲು?"

"ಹಿಂದಿನ ಜಾಗದ್ದು. ಆ ಕಡಿದ ಮರದ ಬುಡದಲ್ಲಿ ಇತ್ತಲ್ಲ, ಅದು."

ಗುಣವತಿ ನಿಂತಲ್ಲೇ ಮೆಟ್ಟಿಲ ಮೇಲೆ ಕೂತಳು. ಅದು ಗುಳಿಗನ ಕಲ್ಲು, ಈ ಜಾಗವನ್ನು ಕಾಯುವ ದೈವ, ಪ್ರತಿ ತಿಂಗಳ ಸಂಕ್ರಾಂತಿಗೆ ನಾನು ಒಂದು ಬೊಂಡ ಕೆತ್ತಿಸಿಕೊಂಡು ದೀಪ ಹಿಡಿದು ಹಿಂದಿನ ಬಾಗಿಲಿಂದ ಹೋಗುತ್ತಿದ್ದದ್ದು ಎಲ್ಲಿಗೆಂದು ನೀವು ತಿಳಿದಿದ್ದೀರಿ ಎಂದು ಮೆಲ್ಲನೆ ಕೇಳಿದಳು. ಆ ಎಳನೀರು ನೆರೆಮನೆಯ ದನಕ್ಕೆ ಎಂದು ಶೆಟ್ಟರು ಮೂವತ್ತನಾಲ್ಕು ವರ್ಷದಿಂದ ತಿಳಿದಿದ್ದರು. ದನ ಎಳನೀರು ಕುಡಿಯುತ್ತದೆಯೇ ಎಂದು ಒಮ್ಮೆಯೂ ಅನುಮಾನ ಬಂದಿರಲಿಲ್ಲ.

ನೆರೆಯ ರಾಫೆಲ್ ಪೊರ್ಬುಗಳು ಸುದ್ದಿ ಪೂರ್ತಿ ಕೇಳುವ ಮೊದಲೇ ದೊಡ್ಡ ಸುತ್ತಿಗೆ ಹಿಡಿದು ಬಂದರು. ಕುವೈಟಿನಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದವರು, ತೆರೆಯದ್ದನ್ನು ತೆರೆಯುವುದೇ ಅವರ ಕಸುಬು. ಸುತ್ತಿಗೆ ಎತ್ತಿದ ಮೇಲೆ ಒಳಗೆ ಏನಿದೆಯೆಂದು ಗೊತ್ತಾಯಿತು. ಅವರು ಸುತ್ತಿಗೆಯನ್ನು ಮೆಲ್ಲನೆ ಇಳಿಸಿ ಬೆನ್ನ ಹಿಂದೆ ಇಟ್ಟುಕೊಂಡರು.

"ನಾನು ಇಂಥದ್ದನ್ನೆಲ್ಲ ನಂಬುದಿಲ್ಲ ಶೆಟ್ರೆ. ಆದ್ರೆ ನಂಬದವ ಯಾಕೆ ಸುಮ್ಮನೆ ಹೊಡಿಬೇಕು?"

ಅವರ ಹೆಂಡತಿ ರೊಸಾಲಿನ್ ಬಾಲಯೇಸುವಿನ ಮಂದಿರದಿಂದ ತಂದಿಟ್ಟಿದ್ದ ಮೇಣದ ಬತ್ತಿಯೊಂದನ್ನು ತಂದು, ಎಲ್ಲಿ ಹಚ್ಚುವುದೆಂದು ತಿಳಿಯದೆ, ಶೆಟ್ಟರ ಕೈಗೆ ಕೊಟ್ಟು ಹೋದರು.

ಮಂಗಳವಾರ ಮಧ್ಯಾಹ್ನ ಶೆಟ್ಟರು ಊಟ ಮುಗಿಸಿ ಜಗಲಿಗೆ ಬಂದಾಗ ಪೆಟ್ಟಿಗೆ ಅಲ್ಲಿರಲಿಲ್ಲ. ಅಡುಗೆಮನೆಯ ಆಚೆ, ಹಿಂಬಾಗಿಲಿಗೆ ಮುಖ ಮಾಡಿ, ಯಾರೋ ಹೊರಡಲು ತಯಾರಾಗಿ ನಿಂತ ಹಾಗೆ ನಿಂತಿತ್ತು. ಗುಣವತಿ ಮಲಗಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೆಲದ ಇಳಿಜಾರು, ಚಕ್ರ ನಯವಾದದ್ದು, ತಾನಾಗಿ ಜಾರಿದೆ ಎಂದು ಅವರು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಂಡರು. ಪರೀಕ್ಷೆಯ ಮನುಷ್ಯ ನೋಡಿ, ಅಷ್ಟಕ್ಕೇ ಬಿಡಲಿಲ್ಲ. ಒಂದು ಲಿಂಬೆಹಣ್ಣು ತಂದು ನೆಲದ ಮೇಲಿಟ್ಟರು. ಅದು ಉರುಳಿ ಉರುಳಿ ನೇರ ಮುಂಬಾಗಿಲ ಕಡೆಗೆ ಹೋಯಿತು. ಇಳಿಜಾರು ಆಚೆಗಲ್ಲ, ಈಚೆಗೆ. ಪೆಟ್ಟಿಗೆ ಏರು ಹತ್ತಿ ಬಂದಿತ್ತು.

ಹೆದರಿದಾಗ ಬೇರೆಯವರು ದೇವರನ್ನು ನೆನೆಯುತ್ತಾರೆ, ಶೆಟ್ಟರು ಕಾಟಾ ತಂದರು. ಕೊಕ್ಕೆ ಸಿಕ್ಕಿಸಿ ಎತ್ತಿದರೆ ಕಲ್ಲೂ ಪೆಟ್ಟಿಗೆಯೂ ಸೇರಿ ಆರು ಕಿಲೋ. ಬ್ಯಾಟರಿ ಬದಲಿಸಿ ಮತ್ತೆ ಎತ್ತಿದರೆ ಹದಿಮೂರು. ಸಂಜೆ ಐದಕ್ಕೆ ಮೂರನೆಯ ಸಲ ಎತ್ತಲು ಹೋದರೆ ಕಾಟಾ ಸೊನ್ನೆ ತೋರಿಸಿತು, ಆದರೆ ಪೆಟ್ಟಿಗೆ ನೆಲ ಬಿಟ್ಟು ಕೂದಲಿನಷ್ಟೂ ಮೇಲೇಳಲಿಲ್ಲ. ಅವರು ಗೋಡೆಗೆ ಒರಗಿ ಕೂತುಬಿಟ್ಟರು. ಭೂತದ ಹೆದರಿಕೆಗಿಂತ ಹೆಚ್ಚಾಗಿ ಅವರನ್ನು ಮುರಿದದ್ದು ಕಾಟಾದ ಈ ನಡತೆ.

ಫೋನು ಮಾಡಿದ್ದಕ್ಕೆ ಇದಿನಬ್ಬನವರು ಸ್ಕೂಟರಿನಲ್ಲಿ ಬಂದರು. ಒಳಗಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಸಾವಿರ ಪೆಟ್ಟಿಗೆ ತೆರೆದ ಕೈ ಅದು. ಬೀಗದ ಮೇಲೆ ಬೆರಳಿಟ್ಟರು, ಕಿವಿ ತಾಗಿಸಿದರು, ಆಮೇಲೆ ಇಡೀ ಅಂಗೈಯನ್ನು ಮುಚ್ಚಳದ ಮೇಲಿಟ್ಟರು. ನಿಧಾನಕ್ಕೆ ಕೈ ತೆಗೆದು, ಕರವಸ್ತ್ರದಿಂದ ಒರೆಸಿಕೊಂಡು, ಚಪ್ಪಲಿ ಹುಡುಕಿದರು.

"ಎಂತ ಆಯ್ತು ಇದಿನಬ್ಬಾಕ?" ಎಂದರು ಶೆಟ್ಟರು.

"ಚಕ್ರಕ್ಕೆ ಐದು ವರ್ಷ ಗ್ಯಾರಂಟಿ ಉಂಟು, ಹಿಡಿಕೆಗೆ ಉಂಟು, ಬೀಗಕ್ಕೆ ಉಂಟು. ಉಸಿರಾಡುದಕ್ಕೆ ನಮ್ಮ ಕಂಪೆನಿಯ ಗ್ಯಾರಂಟಿ ಇಲ್ಲ ಶೆಟ್ರೆ."

ಅವರು ಹೋದ ಸ್ಕೂಟರಿನ ಸದ್ದು ಕೈಕಂಬದ ಆಚೆಯವರೆಗೂ ಕೇಳಿತು.

ಬುಧವಾರ ಬೆಳಿಗ್ಗೆ ಶೆಟ್ಟರು ಸರಕಾರದ ಮೊರೆ ಹೋದರು. ಪಾಸ್‌ಪೋರ್ಟಿನ ಕಚೇರಿಗೆ ಫೋನು ಮಾಡಿ, ತುರ್ತಾಗಿ ಬೇರೆ ಎರಡು ಬೇಕಿತ್ತು ಎಂದರು. ಕಳೆದಿದೆಯೋ ಕಳವಾಗಿದೆಯೋ ಎಂದು ಆಚೆಯ ಅಧಿಕಾರಿ ಕೇಳಿದರು. ಎರಡೂ ಅಲ್ಲ, ನಮ್ಮ ಮನೆಯಲ್ಲೇ ಇದೆ, ಪೆಟ್ಟಿಗೆಯೊಳಗೆ ಎಂದರು ಶೆಟ್ಟರು. ಹಾಗಾದರೆ ತೆರೆಯಿರಿ ಎಂದರು ಅಧಿಕಾರಿ. ತೆರೆಯಲು ಬಿಡುವುದಿಲ್ಲ ಎಂದರು ಶೆಟ್ಟರು. ಯಾರು ಬಿಡುವುದಿಲ್ಲ, ಒಳಗೆ ಮತ್ತೇನಿದೆ ಎಂಬ ಪ್ರಶ್ನೆಗೆ ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಅಧಿಕಾರಿಯ ದನಿ ತಗ್ಗಿತು, ಭಾಷೆ ತುಳುವಾಯಿತು. ನನ್ನ ಹೆಸರು ಎಲ್ಲಿಯೂ ಬರೆದುಕೊಳ್ಳಬೇಡಿ, ಅರ್ಜಿಯನ್ನೂ ಹಾಕಬೇಡಿ, ಮೊದಲು ಆ ಕಡೆಯ ಅಪ್ಪಣೆಯಾಗಲಿ, ಸರಕಾರದ್ದು ಆಮೇಲೆ ನೋಡುವ ಎಂದು ಹೇಳಿ ಫೋನಿಟ್ಟರು.

ಗುರುವಾರದ ವಿಮಾನಕ್ಕೆ ಇನ್ನು ಒಂದು ದಿನ. ಹತ್ತೂವರೆಗೆ ಕೌಶಲನ ಫೋನು ಬಂತು. ಸಂಚಿತಾಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ರಕ್ತದೊತ್ತಡ ಇಳಿಯುತ್ತಿಲ್ಲ, ಅಮ್ಮ ಬರುತ್ತಾರಲ್ಲ ಎಂದೇ ಕೇಳುತ್ತಿದ್ದಾಳೆ ಎಂದ. ಗುಣವತಿ ಬರುತ್ತೇನೆಂದು ಹೇಳು ಎಂದಳು. ಶೆಟ್ಟರ ಕಡೆ ತಿರುಗಿಯೂ ನೋಡಲಿಲ್ಲ. ಅವರು ಮೂರು ಸಲ ಮುಂದೂಡಿದ ಪ್ರಯಾಣ ಅಂದು ಅವರ ಎದೆಯ ಮೇಲೆ ಕೂತಿತು. ತನ್ನ ಮಗಳಿಗೆ ಏನಾದರೂ ಆದರೆ ಅದಕ್ಕೆ ತಾನೇ ಕಾರಣ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗುಣವತಿ ತಲೆಗೆ ಸ್ನಾನ ಮಾಡಿದಳು. ಒಂದು ಬೊಂಡ ಕೆತ್ತಿಸಿದಳು. ಮಧ್ಯಾಹ್ನ ಹನ್ನೆರಡಕ್ಕೆ ಹಿಂಬಾಗಿಲ ಹತ್ತಿರ ನಿಂತಿದ್ದ ಪೆಟ್ಟಿಗೆಯ ಮುಂದೆ ಬಾಳೆಲೆ ಹಾಕಿ ಬೊಂಡ ಇಟ್ಟು, ದೀಪ ಹಚ್ಚಿದಳು. ರಾಫೆಲ್ ಮತ್ತು ರೊಸಾಲಿನ್ ಅಂಗಳದಲ್ಲಿ ಸಾಕಷ್ಟು ದೂರ ನಿಂತಿದ್ದರು. ಮಂತ್ರವಿಲ್ಲ, ಕೂಗಾಟವಿಲ್ಲ. ಮನೆಯ ಹಿರಿಯರೊಬ್ಬರ ಹತ್ತಿರ ಮಾತಾಡುವ ಹಾಗೆ ಆಕೆ ತುಳುವಿನಲ್ಲಿ ಹೇಳಿದಳು. ಇವರು ತಿಳಿಯದೆ ಮಾಡಿದ್ದು. ನನ್ನ ಮಗಳು ಅಲ್ಲಿ ಒಬ್ಬಳೇ ಇದ್ದಾಳೆ, ಅವಳನ್ನು ಕಾಯುವವರು ಯಾರೂ ಇಲ್ಲ. ನಾನು ಹೋಗಲೇಬೇಕು, ನನ್ನ ಚೀಟಿಯನ್ನು ನನಗೆ ಕೊಡಬೇಕು. ಇಲ್ಲಿ ಇರುವುದಾದರೆ ಇರಿ, ಬರುವುದಾದರೆ ಬನ್ನಿ.

ದೀಪದ ಕುಡಿ ಅಲುಗಲಿಲ್ಲ. ಸಂಖ್ಯೆ ತಿರುಗಿಸದೆಯೇ ಗುಣವತಿ ಚಿಲಕದ ಮೇಲೆ ಬೆರಳಿಟ್ಟಳು. ಎರಡು ಚಿಲಕವೂ ಒಟ್ಟಿಗೆ ತೆರೆದವು.

ಒಳಗೆ ಕಲ್ಲಿರಲಿಲ್ಲ. ಕಟ್ಟಿದ್ದ ಬೈರಾಸು ಮಡಚಿ ಇಟ್ಟಿತ್ತು, ಶೆಟ್ಟರು ಜನ್ಮದಲ್ಲಿ ಬೈರಾಸು ಮಡಚಿದವರಲ್ಲ. ಅದರ ಮೇಲೆ ಗುಣವತಿಯ ಪಾಸ್‌ಪೋರ್ಟು. ಶೆಟ್ಟರದ್ದು ಇಲ್ಲ. ಅವರು ಒಳಜೇಬುಗಳನ್ನು ಹೊರಗೆ ತಿರುವಿದರು, ಅಸ್ತರಿನ ಹೊಲಿಗೆ ಬಿಡಿಸಿದರು, ಚಕ್ರದ ಸಂದಿಯನ್ನೂ ನೋಡಿದರು. ಇಲ್ಲವೆಂದರೆ ಇಲ್ಲ. ಗುಣವತಿ ಹುಡುಕಲು ಸೇರಲಿಲ್ಲ. ಅದೇ ಪೆಟ್ಟಿಗೆಯಲ್ಲಿ ಬಾಣಂತಿಯ ಲೇಹ್ಯ, ಹಳೆಯ ಮೆತ್ತನೆಯ ಸೀರೆಗಳು, ಕುಚ್ಚಲಕ್ಕಿ, ತನ್ನ ನಾಲ್ಕು ಬಟ್ಟೆ ಇಟ್ಟು ಮುಚ್ಚಿದಳು. ಇದರಲ್ಲೇ ಯಾಕೆ ಎಂದು ರೊಸಾಲಿನ್ ಅಂಗಳದಿಂದಲೇ ಕೇಳಿದ್ದಕ್ಕೆ, ಗಟ್ಟಿ ಉಂಟಲ್ಲ ಎಂದಳು. ಶೆಟ್ಟರು ಕೈಕಾಟಾ ಹಿಡಿದು ತೂಗಿದರು. ಹನ್ನೊಂದು ಕಿಲೋ.

ಗುರುವಾರ ವಿಮಾನ ನಿಲ್ದಾಣದ ಗಾಜಿನ ಬಾಗಿಲಲ್ಲಿ ಪೊಲೀಸರು ಶೆಟ್ಟರನ್ನು ತಡೆದರು. ಜೀವನದಲ್ಲಿ ಒಮ್ಮೆಯೂ ಒಬ್ಬಳೇ ಊರು ದಾಟದ ಗುಣವತಿ ಪೆಟ್ಟಿಗೆ ದೂಡಿಕೊಂಡು ಒಳಗೆ ಹೋದಳು. ದೂಡಿದಳು ಎನ್ನುವುದು ನಮ್ಮ ಮಾತಿನ ರೂಢಿ. ಶೆಟ್ಟರು ಕಂಡದ್ದು ಬೇರೆ: ಆಕೆಯ ಎರಡು ಕೈಯೂ ವ್ಯಾನಿಟಿ ಬ್ಯಾಗಿನ ಮೇಲಿದ್ದವು, ಪೆಟ್ಟಿಗೆ ಪಕ್ಕದಲ್ಲಿ ಆಕೆಯ ಹೆಜ್ಜೆಗೆ ಸರಿಯಾಗಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆಕೆ ಒಳಗಿನಿಂದ ಫೋನು ಮಾಡಿದಳು. ತಪಾಸಣೆಯ ಯಂತ್ರದ ಮುಂದೆ ಕೂತವನು ಪರದೆ ನೋಡಿ ಬಿಳುಚಿಕೊಂಡು, ಏನೂ ಕೇಳದೆ ಎದ್ದು ನಿಂತನಂತೆ. ಶೆಟ್ಟರಿಗೆ ಬೇಕಾದದ್ದು ಒಂದೇ ಮಾತು.

"ತೂಕ ಎಷ್ಟು ತೋರಿಸಿತು?"

"ಇಪ್ಪತ್ತು," ಎಂದಳು ಗುಣವತಿ. "ಸರಿಯಾಗಿ."

ಅವರು ಬಸ್ಸು ಹಿಡಿದು ಮನೆಗೆ ಬಂದರು. ಊಟ ಸೇರಲಿಲ್ಲ. ಮರುದಿನ ಮಧ್ಯಾಹ್ನ ಕಾಲು ತಾನಾಗಿ ಹಿಂದಿನ ಜಾಗಕ್ಕೆ ಎಳೆಯಿತು. ಕಡಿದ ಮರದ ಬುಡದಲ್ಲಿ ಕಲ್ಲು ಕಿತ್ತ ಗುಂಡಿ ಹಾಗೆಯೇ ಇತ್ತು. ಗುಂಡಿಯಲ್ಲಿ, ಕಲ್ಲು ನಿಂತ ಹಾಗೆಯೇ ನೆಟ್ಟಗೆ, ಅವರ ಪಾಸ್‌ಪೋರ್ಟು ನಿಂತಿತ್ತು. ರಾತ್ರಿ ಮಳೆ ಬಿದ್ದು ಸುತ್ತಲಿನ ಮಣ್ಣೆಲ್ಲ ಕೆಸರಾಗಿದ್ದರೂ ಅದಕ್ಕೆ ಒಂದು ಹನಿ ತಾಗಿರಲಿಲ್ಲ. ಅವರು ಬಗ್ಗಿ ಎಳೆದರು. ಬರಲಿಲ್ಲ. ಎರಡು ಕೈಯಿಂದ ಎಳೆದರು. ಆ ಮೂವತ್ತಾರು ಪುಟದ ಪುಸ್ತಕ ಬೇರು ಬಿಟ್ಟ ಹಾಗೆ ಕೂತಿತ್ತು. ಆಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಹೆಣ್ಣುಮಗು, ಇಬ್ಬರೂ ಕ್ಷೇಮ ಎಂದಳು ಗುಣವತಿ. ಶೆಟ್ಟರು ಅತ್ತುಬಿಟ್ಟರು. ನಿನ್ನೆ ಸಂಜೆ ಡಾಕ್ಟರುಗಳು ಕೈಬಿಟ್ಟ ಹಾಗೆಯೇ ಮಾತಾಡಿದ್ದರಂತೆ. ಆಕೆ ಪೆಟ್ಟಿಗೆಯ ಸಮೇತ ಆಸ್ಪತ್ರೆಗೆ ಹೋಗಿ ಕೋಣೆಯ ಬಾಗಿಲಲ್ಲಿ ಅದನ್ನು ನಿಲ್ಲಿಸಿದಳಂತೆ, ಆಮೇಲೆ ಎಲ್ಲ ತಾನಾಗಿ ಸರಿಹೋಯಿತಂತೆ. ಕಲ್ಲು ಸೀರೆಗಳ ನಡುವೆ ಇತ್ತು, ಈಗ ಮನೆಯ ಬಾಲ್ಕನಿಯಲ್ಲಿ ಇದೆ, ಹೊರಗಿನ ಗಾಳಿ ಹಿಡಿಸಿದ ಹಾಗೆ ಕಾಣುತ್ತದೆ ಎಂದಳು. ಶೆಟ್ಟರು ಕಣ್ಣೊರೆಸಿಕೊಂಡು, ನೀನು ಯಾವಾಗ ಬರುತ್ತೀ ಎಂದು ಕೇಳಿದರು.

"ಮಗುವಿಗೆ ಮೂರು ತಿಂಗಳಾಗ್ಲಿ. ಆಮೇಲೆ ಕೇಳಿ ನೋಡ್ತೇನೆ. ಅಪ್ಪಣೆ ಆದ್ರೆ ಬರ್ತೇವೆ." ಫೋನಿಡುವ ಮೊದಲು ಹೇಳಿದಳು: "ಅಲ್ಲಿಯವರೆಗೆ ಆ ಜಾಗ ಖಾಲಿ ಬಿಡ್ಬೇಡಿ. ಯಾರಾದ್ರೂ ಇರ್ಬೇಕು ಅಲ್ಲಿ."

ಶೆಟ್ಟರು ಆವತ್ತಿನಿಂದ ಮಧ್ಯಾಹ್ನದ ಹೊತ್ತು ಮರದ ಬುಡದಲ್ಲಿ ಹೋಗಿ ಕೂರುತ್ತಾರೆ. ಮೊದಲು ಅರ್ಧ ಗಂಟೆ ಕೂರುತ್ತಿದ್ದರು, ಈಗ ಏಳುವುದು ಕಷ್ಟವಾಗುತ್ತದೆ. ಒಂದು ದಿನ ರೊಸಾಲಿನ್ ಪಾಗಾರದ ಆಚೆಯಿಂದ, ತಮ್ಮ ಮದುವೆಯ ಉಂಗುರ ಎಲ್ಲಿಯೋ ಬಿದ್ದು ಹೋಗಿದೆ ಎಂದು ಹೇಳಿಕೊಂಡರು. ಅಕ್ಕಿಡಬ್ಬ ನೋಡಿ ಎಂದು ಶೆಟ್ಟರ ಬಾಯಿಗೆ ಬಂತು, ಯಾಕೆ ಹಾಗಂದೆನೆಂದು ಅವರಿಗೇ ತಿಳಿಯಲಿಲ್ಲ. ಉಂಗುರ ಅಕ್ಕಿಡಬ್ಬದಲ್ಲೇ ಇತ್ತು.

ಮುಂದಿನ ಸಂಕ್ರಾಂತಿಯ ದಿನ ಹನ್ನೆರಡಕ್ಕೆ ರಾಫೆಲ್ ಪೊರ್ಬುಗಳು ಬಂದರು. ಎಷ್ಟೋ ದಿನದಿಂದ ಮಾತಿಗೆ ಜನ ಸಿಗದ ಶೆಟ್ಟರಿಗೆ ಜೀವ ಬಂದ ಹಾಗಾಯಿತು. ಬನ್ನಿ ಪೊರ್ಬುಗಳೆ, ಕೂತುಕೊಳ್ಳಿ ಎನ್ನಲು ಬಾಯಿ ತೆರೆದರು. ರಾಫೆಲ್ ಚಪ್ಪಲಿಯನ್ನು ದೂರದಲ್ಲೇ ಬಿಟ್ಟಿದ್ದರು. ಅವರು ಕೆತ್ತಿದ ಬೊಂಡವೊಂದನ್ನು ಶೆಟ್ಟರ ಮುಂದೆ ನೆಲದ ಮೇಲಿಟ್ಟು, ನಮ್ಮ ಮಗಳು ಟಾನ್ಯಾಳ ವೀಸಾ ಬೇಗ ಆಗಲಿ ಎಂದು ಮೆಲ್ಲನೆ ಹೇಳಿ, ಶೆಟ್ಟರ ಮುಖ ನೋಡದೆ, ಬೆನ್ನು ತೋರಿಸದೆ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದರು.